ಎಂಟಡಿ ಸಮುದ್ರದ ನಕ್ಷೆ

ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಸಮುದ್ರವೆಂದರೆ ಕಪಾಟಿನ ಮೇಲೆ ಸಾಲಾಗಿಟ್ಟ ಫಾರ್ಮಲಿನ್ ಬಾಟಲಿಗಳು. ಸಮುದ್ರಹೂವು ಎಂದು ಚೀಟಿ ಅಂಟಿಸಿದ ಬಾಟಲಿಯೊಳಗೆ ಬೇಯಿಸಿದ ಆಲೂಗಡ್ಡೆಯಂಥ ಬಿಳಿ ಮುದ್ದೆಯೊಂದಿತ್ತು. ಅದೇ ಜೀವಿ ಕಾರವಾರದ ಬಂಡೆಗಳ ನಡುವೆ ಎಸಳು ಬಿಚ್ಚಿ ಮುಚ್ಚುವುದನ್ನು ನಾನು ಮೊಣಕಾಲೂರಿ ನೋಡಿದ್ದೆ. ಹೀಗಾಗಿ ಆ ಬಾಟಲಿಯನ್ನು ಎತ್ತಿ ತೋರಿಸುವಾಗಲೆಲ್ಲ ಮಕ್ಕಳಿಗೆ ಸುಳ್ಳು ಹೇಳಿದಂತಾಗುತ್ತಿತ್ತು.

ಎರಡು ಸಾವಿರದ ದಶಕದ ನಡುವಿನಲ್ಲಿ ನಾವು ರಾಣೆಬೆನ್ನೂರಿನಲ್ಲಿ ಸ್ವಂತ ಮನೆ ಕಟ್ಟಿಸಲು ಹೊರಟೆವು. ಆಗ ಗಂಡನಿಗೆ ಒಂದೇ ಮಾತು ಹೇಳಿದೆ.

"ಅಡಗಿಮನಿ ನಿಮ್ಮ ಅವ್ವ ಹೇಳಿದಂಗ ಇರ್ಲಿ, ದೇವರಮನಿ ನಿಮ್ಮ ಅಪ್ಪ ಹೇಳಿದಂಗ ಇರ್ಲಿ. ಪಡಸಾಲ್ಯಾಗ ಬಿಸಲು ಬೀಳದ ಆ ಒಂದು ಗ್ವಾಡಿ ಮಾತ್ರ ನಂದು."

ಅವರು ನಕ್ಕು ಒಪ್ಪಿದರು. ಆ ನಗುವನ್ನು ಆಗಲೇ ಅನುಮಾನಿಸಬೇಕಿತ್ತು.

ಒಂದು ಬೇಸಿಗೆ ರಜೆಯಿಡೀ ಕೂತು ಯೋಜನೆ ಮಾಡಿದೆ. ಎಂಟಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಗಾಜಿನ ತೊಟ್ಟಿ, ಅದರೊಳಗೆ ಸಮುದ್ರದಂಥದೇ ಉಪ್ಪುನೀರು, ಜೀವಂತ ಮೀನು, ಸಮುದ್ರಹೂವು. ತುಂಬಿದರೆ ನೀರೇ ಎರಡು ಟನ್ ಆಗುತ್ತದೆ, ಕಲ್ಲು ಮತ್ತು ಗಾಜಿನ ಭಾರ ಬೇರೆ. ಆದ್ದರಿಂದ ಆ ಮೂಲೆಯಲ್ಲಿ ಟೈಲ್ಸ್ ಹಾಕುವ ಮೊದಲೇ ದಪ್ಪನೆಯ ಕಾಂಕ್ರೀಟ್ ಹಾಸು ಬೇಕು. ಕಬ್ಬಿಣದ ಸ್ಟ್ಯಾಂಡ್ ಉಪ್ಪಿಗೆ ತುಕ್ಕು ಹಿಡಿಯುತ್ತದೆ, ಇಟ್ಟಿಗೆ ಕಟ್ಟಿ ಮೇಲೆ ಕಡಪ ಕಲ್ಲು ಕೂರಿಸಬೇಕು. ನೀರು ಬದಲಿಸಲು ನೆಲದಲ್ಲೇ ಒಂದು ಪೈಪ್ ಬೇಕು. ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತಿತ್ತೆಂಬುದು ಆ ಕಾಲದವರಿಗೆಲ್ಲ ಗೊತ್ತು. ಪಂಪು ನಿಂತರೆ ಮೀನು ಉಸಿರುಗಟ್ಟುತ್ತವೆ, ಅದಕ್ಕೆ ಇನ್ವರ್ಟರಿನಿಂದ ಪ್ರತ್ಯೇಕ ಲೈನು. ಇಷ್ಟನ್ನೂ ಗ್ರಾಫ್ ಹಾಳೆಯ ಮೇಲೆ ಅಳತೆಗೆ ಸರಿಯಾಗಿ ಬರೆದು, ನಾಲ್ಕು ಝೆರಾಕ್ಸ್ ತೆಗೆಸಿದೆ.

ಮನೆ ಕಟ್ಟಿಸುತ್ತಿದ್ದ ಎಂಜಿನಿಯರ್ ಆ ಹಾಳೆಯನ್ನು ತೆಗೆದುಕೊಂಡು, ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಆಮೇಲೆ ನನ್ನ ಪಕ್ಕ ನಿಂತಿದ್ದ ಗಂಡನ ಕಡೆ ತಿರುಗಿದರು.

"ಸಾಹೇಬ್ರ, ಇದಕ್ಕ ನೀವೇನಂತೀರಿ?"

ಸಾಹೇಬರು ಬ್ಯಾಂಕಿನಲ್ಲಿದ್ದವರು. ಮೀನಿನ ಬಗ್ಗೆ ಅವರಿಗಿದ್ದ ತಿಳಿವಳಿಕೆ ಅದರ ಸಾರು ವಾಸನೆ ಬರುತ್ತದೆ ಎಂಬಷ್ಟೇ. "ನೋಡೂಣಂತ," ಅಂದರು.

"ಮೇಡಂ, ಒಂದು ಸಣ್ಣ ಗಾಜಿನ ಬುಟ್ಟಿ ಇಟ್ಟು ಎರಡು ಬಂಗಾರ ಮೀನ ಬಿಡ್ರಿ, ಚಂದ ಕಾಣ್ತೈತಿ," ಎಂದು ಎಂಜಿನಿಯರ್ ನನಗೆ ಸಮಾಧಾನ ಹೇಳಿದರು. ಮಗುವಿಗೆ ಪೆಪ್ಪರಮೆಂಟು ಕೊಟ್ಟು ಸುಮ್ಮನಾಗಿಸುವವರ ದನಿ ಅದು.

ಮುಂದೆಯೂ ಹೀಗೇ ನಡೆಯಿತು. ಕೇಳುವವಳು ನಾನು, ಉತ್ತರ ಹೋಗುವುದು ಗಂಡನಿಗೆ. ವೈರಿಂಗ್ ಮಾಡುವವನೂ ಅಷ್ಟೆ. ಲೈನು ಯಾಕೆ ಪ್ರತ್ಯೇಕ ಬೇಕೆಂದು ನಾನು ಬಿಡಿಸಿ ಹೇಳುತ್ತಿದ್ದರೆ ಅವನ ಕಣ್ಣು ನನ್ನ ಗಂಡನ ಮುಖದ ಮೇಲಿರುತ್ತಿತ್ತು.

ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಒಂದು ವಾರ ಧಾರವಾಡಕ್ಕೆ ಹೋಗಬೇಕಾಯಿತು. ತಿರುಗಿ ಬಂದು ನೇರವಾಗಿ ಕಟ್ಟಡಕ್ಕೆ ಹೋದೆ. ಪಡಸಾಲೆಗೆ ಪೂರ್ತಿ ಟೈಲ್ಸ್ ಹಾಕಿದ್ದರು. ನನ್ನ ಮೂಲೆಯಲ್ಲಿ ಕಾಂಕ್ರೀಟ್ ಹಾಸಿರಲಿಲ್ಲ, ಪೈಪಿನ ಬಾಯಿಯನ್ನೂ ಮುಚ್ಚಿಬಿಟ್ಟಿದ್ದರು.

ಮನೆಗೆ ಬಂದು ಗಂಡನನ್ನು ಕೇಳಿದೆ.

"ಎಂಜಿನಿಯರ್ ಫೋನ್ ಮಾಡಿದ್ದ," ಅಂದರು. "ಆ ಮೀನಿನ ಮೂಲಿ ಬೇಕೇನ್ರಿ ಅಂತ ಕೇಳಿದ. ನಿಮಗ ಹೆಂಗ ಅನುಕೂಲ ಆಗ್ತೈತಿ ಹಂಗ ಮಾಡ್ರಿ ಅಂದ್ನೆಪಾ. ನಾ ಏನು ಮಾಡ್ಲಿ? ಅವ ನನ್ನ ಕೇಳಿದ."

"ನಿಮ್ಮನ್ನ ಕೇಳಿದಾಗ, ಆಕಿನ್ನ ಕೇಳ್ರಿ ಅನ್ನಾಕ ಎಷ್ಟೊತ್ತು ಬೇಕಿತ್ತು?"

ಎಂಜಿನಿಯರ್ ಹೊರಗಿನವರು, ಅವರ ಮೇಲೆ ಸಿಟ್ಟು ಮಾಡಿಕೊಂಡರೆ ಮುಗಿಯಿತು. ಆದರೆ ಹದಿನಾಲ್ಕು ವರ್ಷ ಜೊತೆಗೆ ಬಾಳಿದ ಮನುಷ್ಯ ನನ್ನ ಮಾತನ್ನು ಬೇರೆಯವರ ಅನುಕೂಲಕ್ಕೆ ಬಿಟ್ಟುಕೊಟ್ಟಿದ್ದರು. ಅದರಲ್ಲಿ ತಪ್ಪೇನಿದೆ ಎಂಬುದೂ ಅವರಿಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ಕಟ್ಟಡಕ್ಕೆ ಹೋದೆ. ಟೈಲ್ಸ್ ಹಾಕಿದ್ದ ಗವಂಡಿಗೆ ಆ ಮೂಲೆಯವನ್ನು ಕೀಳಲು ಹೇಳಿದೆ.

"ಸಾಹೇಬ್ರನ್ನ ಒಂದು ಮಾತು ಕೇಳ್ತೇನ್ರಿ ಅಕ್ಕಾರ," ಅಂದ.

"ಆ ಹಾರಿ ಇತ್ತಾಗ ಕೊಡ್ರಿ."

ಅವನು ಕೊಡಲಿಲ್ಲ. ಗೋಡೆಗೆ ಒರಗಿಸಿದ್ದನ್ನು ನಾನೇ ಎತ್ತಿಕೊಂಡು ಮೊದಲನೆಯ ಟೈಲಿಗೆ ಹಾಕಿದೆ. ಅದು ನಾಲ್ಕು ಚೂರಾಯಿತು. ಎರಡನೆಯದಕ್ಕೆ ಎತ್ತುವಷ್ಟರಲ್ಲಿ ಗವಂಡಿ ಓಡಿಬಂದು, "ಬಿಡ್ರಿ, ಕೈಗೆ ಹತ್ತೀತು, ನಾ ತಗೀತೇನಿ," ಎಂದು ಹಾರೆ ಇಸಿದುಕೊಂಡ. ಸಂಜೆಯವರೆಗೆ ಅಲ್ಲೇ ಸಿಮೆಂಟ್ ಚೀಲದ ಮೇಲೆ ಕೂತಿದ್ದು, ಪೈಪಿನ ಬಾಯಿ ಬಿಡಿಸಿ, ಕಾಂಕ್ರೀಟ್ ಬೀಳುವುದನ್ನು ಕಣ್ಣಾರೆ ನೋಡಿ ಎದ್ದೆ.

ಗಾಜಿನ ಕೆಲಸಕ್ಕೆ ಹಾವೇರಿಗೆ ಹೋದೆ, ಒಬ್ಬಳೇ. ಅಂಗಡಿಯವರು ಅರವತ್ತು ದಾಟಿದ ಮುಸ್ಲಿಂ ಹಿರಿಯರು. ಅಂಗಡಿಯ ಮುಂಭಾಗಗಳಿಗೆ ಗಾಜು ಕೂರಿಸಿ ಕೂರಿಸಿ ಅವರ ಬೆರಳುಗಳ ತುಂಬ ಹಳೆಯ ಗಾಯದ ಗುರುತು. ನನ್ನ ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಒಂದೊಂದು ಸಾಲಿನ ಕೆಳಗೂ ಬೆರಳು ಇಡುತ್ತಿದ್ದರು. ನನಗೆ ಚಹಾ ತರಿಸಿದರು. ಚಹಾ ಮುಗಿದರೂ ಅವರ ಓದು ಮುಗಿದಿರಲಿಲ್ಲ.

"ಮೇಡಂ, ಇದರಾಗ ಒಂದು ಗಲ್ತಿ ಐತ್ರಿ," ಅಂದರು ಕೊನೆಗೆ.

"ಏನ್ರಿ?"

ಅಳತೆಪಟ್ಟಿಯನ್ನು ನನ್ನ ಕೈಗೇ ಕೊಟ್ಟರು. "ನಿಮ್ಮ ತೋಳು ಅಳೀರಿ. ಭುಜದಿಂದ ಬೆರಳತನಕ."

ಇಪ್ಪತ್ತಾರು ಇಂಚು ಬಂತು.

"ತೊಟ್ಟಿ ಮೂವತ್ತಾರು ಇಂಚು ಆಳ ಬರದೀರಿ. ತಳದಾಗ ಕಲ್ಲು ಸರಿಸೋರು ಯಾರು, ನೀವಲ್ಲೇನು? ಕೈ ಹೆಂಗ ಮುಟ್ಟತೈತ್ರಿ? ಎರಡಡಿಗೆ ಇಳಸ್ರಿ. ಭಾರ ಕಡಿಮಿ, ಗಾಜಿಗೆ ನೀರಿನ ಜೋರೂ ಕಡಿಮಿ."

ನನಗೆ ಕಣ್ಣು ತುಂಬಿಬಂತು. ಅವರು ಗಾಬರಿಯಾಗಿ, "ಬ್ಯಾಸರ ಮಾಡ್ಕೋಬ್ಯಾಡ್ರಿ, ನಕ್ಷಾ ಖರೇನ ಛಲೋ ಮಾಡೀರಿ," ಅಂದರು. ಬೇಸರವಾಗಿರಲಿಲ್ಲ. ಇಷ್ಟು ಸರಳವಾದ ತಪ್ಪು ನಾಲ್ಕು ತಿಂಗಳು ಆ ಹಾಳೆಯಲ್ಲೇ ಕೂತಿತ್ತು. ಎಂಜಿನಿಯರ್ ಜೇಬಿನಲ್ಲಿ, ವೈರಿಂಗಿನವನ ಚೀಲದಲ್ಲಿ, ನನ್ನ ಗಂಡನ ಟೇಬಲ್ಲಿನ ಮೇಲೆ. ಬೇಡವೆಂದ ಒಬ್ಬರೂ ಅದನ್ನು ತಪ್ಪೆಂದು ಹೇಳುವಷ್ಟು ಸಹ ಓದಿರಲಿಲ್ಲ. ಬಸ್ಸಿನಲ್ಲಿ ಮರಳುವಾಗಲೂ ಆ ಸಿಟ್ಟು ಇಳಿದಿರಲಿಲ್ಲ.

ತೊಟ್ಟಿ ಎರಡಡಿ ಆಳದ್ದೇ ಬಂತು. ನೀರು ಶುದ್ಧ ಮಾಡಿ, ಮುಂಬೈಯಿಂದ ತರಿಸಿದ ಸಮುದ್ರದ ಉಪ್ಪು ಕಲಸಿ, ನೀರು ಹದಕ್ಕೆ ಬರಲೆಂದು ಒಂದೂವರೆ ತಿಂಗಳು ಮೀನು ಬಿಡದೆ ಕಾದೆ. ಗೃಹಪ್ರವೇಶಕ್ಕೆ ಬಂದವರು ಬರೀ ನೀರು ಮತ್ತು ಕಲ್ಲು ನೋಡಿ ನನ್ನ ಗಂಡನಿಗೆ, "ಏನ್ ಹುಚ್ಚೋ ನಿಂದು," ಅಂದು ಹೋದರು. ಆಮೇಲೆ ಮೀನು ಬಂದವು, ಒಂದು ಸಮುದ್ರಹೂವೂ ಬಂತು. ನನ್ನ ವಿದ್ಯಾರ್ಥಿಗಳು ಗಾಜಿಗೆ ಮೂಗು ಒತ್ತಿ ನಿಂತು, ಅದು ಎಸಳು ಬಿಚ್ಚುವುದನ್ನು ಉಸಿರು ಬಿಗಿಹಿಡಿದು ನೋಡಿದರು.

ಮುಂದಿನ ವರ್ಷ ಅದೇ ಎಂಜಿನಿಯರ್ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರನ್ನು ಕರೆದುಕೊಂಡು ಬಂದರು. ವ್ಯಾಪಾರಿಯೂ ಹೊಸ ಮನೆ ಕಟ್ಟಿಸುತ್ತಿದ್ದರಂತೆ.

"ನೋಡ್ರಿ, ಇದು ನಾವ ಪ್ಲಾನ್ ಮಾಡಿದ್ದು," ಎಂದರು ಎಂಜಿನಿಯರ್, ತೊಟ್ಟಿಯ ಮೇಲೆ ಕೈಯಿಟ್ಟು.

"ಕೆಳಗ ಕಾಂಕ್ರೀಟ್ ಎಷ್ಟು ದಪ್ಪ ಐತ್ರಿ?" ನಾನು ಕೇಳಿದೆ.

ಅವರು ಎಂದಿನಂತೆ ನನ್ನ ಗಂಡನ ಕಡೆ ನೋಡಿದರು. ಗಂಡ ಪೇಪರ್ ಮಡಚಿಟ್ಟರು. "ನನಗ ಗೊತ್ತಿಲ್ಲ. ಆಕೀದ ಪ್ಲಾನ್, ಆಕಿಗೇ ಗೊತ್ತು," ಅಂದರು. ವರ್ಷಕ್ಕೂ ಹೆಚ್ಚು ತಡವಾಗಿತ್ತು, ಆದರೂ ಅಂದರು.

ವ್ಯಾಪಾರಿ ಸಂತೋಷದಿಂದ ತಲೆಯಾಡಿಸಿದರು. "ಛಲೋ ಆತು. ಹಂಗಾರ ಒಂದಿನ ನಿಮ್ಮ ಯಜಮಾನ್ರನ್ನ ನಮ್ಮ ಮನಿಗೆ ಕಳಸ್ರಿ ಅಕ್ಕಾರ, ಜಾಗಾ ನೋಡ್ಲಿ."

"ಅವ್ರು ಬರಂಗಿಲ್ರಿ," ಅಂದೆ. "ಬೇಕಾದ್ರ ನಾ ಬರ್ತೇನಿ. ನಿಮ್ಮ ಮನ್ಯಾಗ ನನ್ನ ಮಾತು ಕೇಳೋರು ಇದ್ರ ಹೇಳಿ ಕಳಸ್ರಿ."

ವ್ಯಾಪಾರಿ ಆಗಲಿ ಆಗಲಿ ಎಂದು ಚಪ್ಪಲಿ ಮೆಟ್ಟಿ ಹೋದರು. ಹೇಳಿ ಕಳಿಸಲಿಲ್ಲ.