ಹಬ್‌ನ ನಕ್ಷೆಗೆ ಒಂದು ಹೂಂ

ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ ಹಬ್‌ನ ಸರ್ಕ್ಯೂಟ್ ನಕ್ಷೆಯನ್ನು ಕೊನೆಯ ಸಲ ನೋಡುತ್ತಿದ್ದೆ. ಸಂಜೆ ಸರ್ಕ್ಯೂಟ್ ಬೋರ್ಡ್ ತಯಾರಿಸುವವರಿಗೆ ಕಳಿಸಿದರೆ ಮತ್ತೆ ತಿದ್ದುವಂತಿರಲಿಲ್ಲ. ಪಕ್ಕದಲ್ಲಿ ಬಳೆಯ ಗಂಟು ಇಟ್ಟುಕೊಂಡಿದ್ದ ಅಜ್ಜಿ ಇಣುಕಿದರು.

"ಇದ್ಯಾವ ಊರಿನ ನಕಾಶಾರಿ?"

"ಊರಲ್ರಿ ಅಜ್ಜಿ, ಒಂದ ವಾಯರಿಂದ ನಾಕ ಕಡೆ ಕರೆಂಟ ಹಂಚೂದು," ಎಂದು ಒಂದೊಂದೇ ಗೆರೆ ತೋರಿಸುತ್ತ ಹೋದೆ. ಕಥೆ ಕೇಳುವವರ ಹಾಗೆ ಅವರು ಪ್ರತಿಯೊಂದಕ್ಕೂ "ಹೂಂ" ಅಂದರು.

"ಇಲ್ಲಿಂದ ನಾಕನೇದಕ್ಕ ಹೋಗತೈತ್ರಿ."

"ಹೂಂ, ಮುಂದ?"

ಮುಂದೆ ಏನೂ ಇರಲಿಲ್ಲ. ಗೆರೆ ನಾಲ್ಕನೇ ಪೋರ್ಟನ್ನು ಮುಟ್ಟುವ ಮೊದಲೇ ನಿಂತಿತ್ತು. ಆಫೀಸಿನಲ್ಲಿ ಮೂವರು ನೋಡಿ ಸರಿ ಎಂದಿದ್ದ ನಕ್ಷೆ! ಅಲ್ಲೇ ಜೋಡಿಸಿ, "ಭಾಳ ಉಪಕಾರ ಆತ್ರಿ," ಅಂದೆ.

"ನಾ ಏನ ಮಾಡೀನ್ರಿ? ತಿಳೀಲಿಲ್ಲ, ಹೂಂ ಅಂದೆ."

ಈಗ ಯಾವ ನಕ್ಷೆ ಮುಗಿದರೂ ಯಾರಿಗಾದರೂ ಕಥೆಯಂತೆ ಹೇಳುತ್ತೇನೆ. ತಿಳಿದವರಿಗಲ್ಲ, ಅವರು ಗೆರೆ ಮುಗಿಯುವ ಮೊದಲೇ ತಲೆ ಆಡಿಸಿಬಿಡುತ್ತಾರೆ.