ನಿನ್ನಿ ಹೂ

ಹಡಗಲಿಯಲ್ಲಿ ಮಲ್ಲಿಗೆ ಕೊಳ್ಳುವವನು ಮೊದಲು ಕಲಿಯಬೇಕಾದ ಮಾತು ಒಂದೇ: "ಇದು ನಿನ್ನಿ ಹೂ ಐತಿ." ಈಗಷ್ಟೇ ಬಿಡಿಸಿ ತಂದಿದ್ದರೂ ಹೇಳಬೇಕು. ಹೂವು ಇವತ್ತಿನದಾದರೆ ರೈತ ಸಿಟ್ಟಾಗುತ್ತಾನೆ. ನಿನ್ನೆಯದಾದರೆ ಆಣೆ ಇಡಲು ಶುರು ಮಾಡುತ್ತಾನೆ. ಹೊಸದಾಗಿ ವ್ಯಾಪಾರಕ್ಕೆ ಇಳಿಯುವವರಿಗೆ ಇದನ್ನು ಪುಕ್ಕಟೆ ಹೇಳಿಕೊಡುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಮೊಳ ಹಾಕಿ ಹೂ ಮಾರುತ್ತಿದ್ದ ನಾನು ಸಗಟು ಅಂಗಡಿ ಇಟ್ಟದ್ದು ಈ ಮಾತಿನಿಂದ, ಮತ್ತು ಮೂಗಿನಿಂದ.

ಆ ಮೂಗು ಹೋಗಿ ಮೂರು ವರ್ಷವಾಯಿತು. ಒಂದು ಜ್ವರ ಬಂತು, ಇಳಿಯಿತು. ವಾಸನೆ ಮಾತ್ರ ಮರಳಲಿಲ್ಲ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಹೂವಿನ ವ್ಯಾಪಾರಿಗೆ ವಾಸನೆ ತಿಳಿಯದೆಂದು ಪೇಟೆಗೆ ಗೊತ್ತಾದರೆ ಅಂಗಡಿ ಮುಚ್ಚಿದ ಹಾಗೆಯೇ. ಮೊಗ್ಗನ್ನು ಬೆರಳಲ್ಲಿ ಒತ್ತಿ, ತೊಟ್ಟಿನ ಬಣ್ಣ ನೋಡಿ, ರೈತನ ಮುಖ ಓದಿ ದಿನ ದೂಡುತ್ತಿದ್ದೆ. ಬುಟ್ಟಿಗೆ ಮುಖವಿಟ್ಟು ಉಸಿರೆಳೆಯುವುದನ್ನೂ ಬಿಟ್ಟಿರಲಿಲ್ಲ. ಸುತ್ತಲೂ ಬುಟ್ಟಿ ಬುಟ್ಟಿ ಮಲ್ಲಿಗೆ. ನನಗೆ ಮಾತ್ರ ಅಲ್ಲಿ ಏನೂ ಇರುತ್ತಿರಲಿಲ್ಲ.

ಹೀಗಿರುವಾಗ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ, ಹರಪನಹಳ್ಳಿ ಕಡೆಯ ಹುಡುಗಿಯೊಬ್ಬಳು ಬಂದಳು. ಹೂವು ತಾನೇ ಬಿಡುವ ಒಂದು ಅನಿಲದಿಂದ ಬೇಗ ಬಾಡುತ್ತದಂತೆ. ಅದನ್ನು ತಡೆಯುವ ದ್ರಾವಣವನ್ನು ಅಲ್ಲಿನವರು ತಯಾರಿಸಿದ್ದರು. ಅದರಲ್ಲಿ ಅದ್ದಿದ ಮೊಗ್ಗು ಮೂರು ದಿನ ತಾಳುತ್ತದೆ, ಆದರೆ ಪರಿಮಳವೂ ತಾಳುತ್ತದೆಯೇ ಎಂಬುದನ್ನು ಕೊಳ್ಳುವವರ ಮೂಗೇ ಹೇಳಬೇಕಿತ್ತು. ಸರಿ ಎಂದರೆ ಮುಂದಿನ ಹಂಗಾಮಿಗೆ ರೈತರ ಕೈಗೆ ಕೊಡುತ್ತಾರಂತೆ. ಪೇಟೆಯಲ್ಲಿ ಕೇಳಿದರೆ ಎಲ್ಲರೂ ನನ್ನ ಅಂಗಡಿಯನ್ನೇ ತೋರಿಸಿದ್ದರು. ಒಲ್ಲೆ ಅನ್ನಲು ಬಾಯಿ ಬರಲಿಲ್ಲ.

ಐದು ಡಬ್ಬಿ, ಬಾಯಿಗೆ ಬಟ್ಟೆ ಕಟ್ಟಿತ್ತು; ಅದ್ದಿದ ಹೂ ಯಾವುದರಲ್ಲಿ, ಅದ್ದದ ಹೂ ಯಾವುದರಲ್ಲಿ ಎಂದು ಮೇಲೆ ಬರೆದಿರಲಿಲ್ಲ. ಮುಟ್ಟುವಂತಿಲ್ಲ, ಬಿಚ್ಚಿ ನೋಡುವಂತಿಲ್ಲ. ಮೊದಲೆರಡಕ್ಕೆ ಏನೋ ಒಂದು ಹೇಳಿ ದಾಟಿದೆ. ಮೂರನೆಯದಕ್ಕೆ ಹಳೆಯ ಮಾತು ಎಸೆದೆ.

"ಇದು ನಿನ್ನಿ ಹೂ ಐತಿ, ತಂಗಿ."

ಅವಳು ಸಿಟ್ಟಾಗಲಿಲ್ಲ, ಆಣೆ ಇಡಲಿಲ್ಲ. ಸುಮ್ಮನೆ ಬರೆದುಕೊಂಡಳು. ಗಾಬರಿಯಾಗಿ, ಇಲ್ಲ ಇಲ್ಲ, ಘಮ ಚಲೋ ಐತಿ ಅಂದೆ. ಅದನ್ನು ಹೊಡೆದು ಹಾಕಿ ಇದನ್ನು ಬರೆದಳು. ಯಾವುದರಲ್ಲಿ ಏನಿದೆ ಎಂದು ನಿನಗಾದರೂ ಗೊತ್ತೇನು ಎಂದು ಕೇಳಿದೆ.

"ನಂಗೂ ಗೊತ್ತಿಲ್ಲ ಅಣ್ಣಾರೆ. ತುಂಬಿದವ್ರು ಬೇರೆ. ಗೊತ್ತಿದ್ರೆ ನೀವು ನನ್ ಮುಖ ನೋಡಿ ಹೇಳ್ತೀರಿ ಅಂತ."

ಚೌಕಾಸಿಯಲ್ಲಿ ನನಗೆ ಇಂಥ ಎದುರಾಳಿ ಸಿಕ್ಕಿರಲಿಲ್ಲ. ಓದಲು ಮುಖವೇ ಇಲ್ಲ. ನಾನು ಆಡಿದ್ದೆಲ್ಲ ಅವಳ ಹಾಳೆಯಲ್ಲಿ ಸತ್ಯವಾಗುತ್ತಿತ್ತು. ನನ್ನ ಮಾತು ನಂಬಿ ಚಿಗಟೇರಿಯ ರೈತನೊಬ್ಬ ಇಡೀ ಬೆಳೆಯನ್ನು ಅದ್ದಿ ದಾವಣಗೆರೆಗೆ ಕಳಿಸಿ, ಅದು ಘಮವಿಲ್ಲದೆ ವಾಪಸ್ಸು ಬಂದರೆ?

"ತಂಗಿ, ಅವೆಲ್ಲಾ ಹೊಡದು ಹಾಕು. ನನಗ ವಾಸನಿ ಬರಂಗಿಲ್ಲ."

ಪೆನ್ನು ನಿಂತಿತು. ಎಷ್ಟು ದಿನವಾಯಿತು ಎಂದು ಮೆಲ್ಲಗೆ ಕೇಳಿದಳು. ಹೇಳಿದೆ. ಮತ್ತೆ ಯಾರ ಹತ್ತಿರ ಹೋಗಲಿ ಅಂದಳು. ಎದುರಂಗಡಿಯವನನ್ನು ತೋರಿಸಿದೆ. ಅವನು ನನ್ನ ಗಿರಾಕಿಗಳನ್ನು ಸೆಳೆಯಲು ವರ್ಷಗಳಿಂದ ಕಾದು ಕೂತವನು. ನಾನೇ ಎರಡು ಡಬ್ಬಿ ಹಿಡಿದು ಜೊತೆಗೆ ಹೋದೆ.

ಅವನು ಕಣ್ಣು ಮುಚ್ಚಿ ಒಂದೊಂದಾಗಿ ಮೂಸಿದ. ಮೂರನೆಯದಕ್ಕೆ ಮುಖ ಹಿಂದಕ್ಕೆ ತೆಗೆದ.

"ಇದರಾಗ ಹೂವೇ ಇಲ್ಲ. ಬರೇ ನೀರು. ನೀ ಏನಂದಿಲೇ ಇದಕ್ಕ?"

ನನಗೆ ಪುರುಸೊತ್ತಿರಲಿಲ್ಲ, ನಾನು ನೋಡಲೇ ಇಲ್ಲ ಅಂದೆ. ಹುಡುಗಿ ಹಾಳೆಯಿಂದ ತಲೆಯೆತ್ತದೆ ನಾಲ್ಕನೆಯ ಡಬ್ಬಿಯನ್ನು ಅವನ ಮುಂದೆ ಸರಿಸಿದಳು.