ಟಿಟ್ಟಿಭಕ್ಕೆ ದಾರಿ ಬಿಟ್ಟ ಲಲಿತಕ್ಕ

ಲಲಿತಕ್ಕನ ಗಂಟಲು ಎಂಥದ್ದೆಂದರೆ, ಕಾರಿನೊಳಗೆ ಅವರು ‘ಎಡಕ್ಕೆ’ ಎಂದರೆ ರಸ್ತೆಯಲ್ಲಿ ನಡೆಯುವವರೂ ಎಡಕ್ಕೆ ಸರಿಯುತ್ತಿದ್ದರು. ಉದ್ಯಾವರದವರು. ಗಂಡ ಮಸ್ಕತ್ತಿನಲ್ಲಿದ್ದಾಗ ತಾವೇ ಕಾರು ಕಲಿತು, ಆಮೇಲೆ ಹೆಂಗಸರಿಗೆ ಕಲಿಸಲು ಹೊರಟವರು. ರಿಕ್ಷಾ ಕಾದು ಕಾದು ಸಾಕಾಗಿ ನಾನೂ ಅವರ ಬಳಿ ಸೇರಿದೆ. ಕ್ಲಚ್ ಬಿಟ್ಟಾಗಲೆಲ್ಲ ಕಾರು ಜಿಗಿದು ನಿಲ್ಲುತ್ತಿತ್ತು. “ಹೆದರಬೇಡ ಮಾರಾಯ್ತಿ, ಕಾರಿಗೂ ನಿನ್ನ ಪರಿಚಯ ಆಗಬೇಕಲ್ವಾ” ಎನ್ನುತ್ತಿದ್ದರು.

ನಮ್ಮ ಅಭ್ಯಾಸ ಮಣಿಪಾಲದ ಹೊರಗಿನ ಒಂದು ಕೆಂಪುಕಲ್ಲಿನ ಬಯಲಿನಲ್ಲಿ. ಅಲ್ಲಿ ಸುಣ್ಣದಲ್ಲಿ ಬರೆದ ದೊಡ್ಡ ಎಂಟರ ಅಂಕಿಯ ಮೇಲೆ ಕಾರು ಸುತ್ತಿಸಬೇಕು. ಮಾರ್ಚ್ ಕೊನೆಯ ಒಂದು ಬೆಳಿಗ್ಗೆ ಟಿಟ್ಟಿಭ ಹಕ್ಕಿಯೊಂದು ರೆಕ್ಕೆ ಬಿಚ್ಚಿ ಕಿರುಚುತ್ತ ಕಾರಿಗೆ ಅಡ್ಡ ನಿಂತಿತು. ಲಲಿತಕ್ಕ ನಿಲ್ಲಿಸಲು ಹೇಳಿ ಇಳಿದರು. ಸುಣ್ಣದ ಗೆರೆಯ ಪಕ್ಕದಲ್ಲೇ, ಜಲ್ಲಿಯ ನಡುವೆ, ಜಲ್ಲಿಯದೇ ಬಣ್ಣದ ನಾಲ್ಕು ಮೊಟ್ಟೆ.

“ಮೊದಲು ಆಚೆ ಪಾದೆಕಲ್ಲಿನ ಮೇಲೆ ಇಡುತ್ತಿತ್ತು ಇದು. ಅಲ್ಲಿ ಈಗ ಫ್ಲ್ಯಾಟ್ ಉಂಟು. ಇನ್ನೆಲ್ಲಿಗೆ ಹೋಗಬೇಕು?”

ಮೊಟ್ಟೆಗಳ ಸುತ್ತ ಕಲ್ಲಿಟ್ಟರು. ಹಳೆಯ ಎಂಟನ್ನು ಚಪ್ಪಲಿಯಲ್ಲಿ ಉಜ್ಜಿ, ದೂರದಲ್ಲಿ ಸಿಕ್ಕಿದಷ್ಟು ಜಾಗದಲ್ಲಿ ಚಿಕ್ಕದೊಂದು ಎಂಟು ಬರೆದರು. ಅದೇ ಬಯಲಿನಲ್ಲಿ ಕಾರು ಕಲಿಸುತ್ತಿದ್ದ ಸದಾನಂದಣ್ಣ, ಹಕ್ಕಿಗೂ ಲೈಸೆನ್ಸ್ ಮಾಡಿಸಿಕೊಡುತ್ತೀರಾ ಎಂದು ನಕ್ಕರು. ಲಲಿತಕ್ಕ ಅವರನ್ನು ಕರೆದು ಮೊಟ್ಟೆ ತೋರಿಸಿದರು. ಮರುದಿನದಿಂದ ಅವರ ಕಾರೂ ಅತ್ತ ಸುಳಿಯಲಿಲ್ಲ.

ಏಪ್ರಿಲ್‌ನಲ್ಲಿ ಯಾರೂ ಎಣಿಸದ ಮಳೆ ಹೊಯ್ಯಿತು. ಮೊದಲೆಲ್ಲ ಮರಿಗಳು ಓಡಾಡುವಷ್ಟಾದ ಮೇಲೆ ಮಳೆ ಬರುತ್ತಿತ್ತು, ಈಗ ಹಕ್ಕಿಯ ಲೆಕ್ಕವೂ ತಪ್ಪುತ್ತಿದೆ ಎಂದು ಲಲಿತಕ್ಕ ದಾರಿಯುದ್ದಕ್ಕೂ ಗೊಣಗುತ್ತಿದ್ದರು. ಹೋಗಿ ನೋಡಿದರೆ ಕೆಂಪುನೀರು ಗೂಡಿನತ್ತಲೇ ಹರಿಯುತ್ತಿತ್ತು. ಹಕ್ಕಿ ತೊಯ್ದು ಮುದ್ದೆಯಾಗಿದ್ದರೂ ಎದ್ದಿರಲಿಲ್ಲ. ಸದಾನಂದಣ್ಣ ಎಲ್ಲಿಂದಲೋ ಪಿಕ್ಕಾಸು ತಂದರು. ಪಾಠಕ್ಕೆ ಬಂದವರೆಲ್ಲ ಕೊಡೆ ಬಿಸಾಡಿ, ಗೂಡಿನಿಂದ ಮೇಲಕ್ಕೆ ಸ್ವಲ್ಪ ದೂರದಲ್ಲಿ ಕಣಿ ತೋಡಿ ನೀರನ್ನು ತಿರುಗಿಸಿದೆವು. ಹಕ್ಕಿ ಕೂತಲ್ಲಿಂದಲೇ ನಮ್ಮನ್ನು ಗದರುತ್ತಿತ್ತು.

“ಬೈಯಲಿ ಪಾಪ” ಎಂದರು ಲಲಿತಕ್ಕ, ಸೆರಗು ಹಿಂಡುತ್ತ.

ಕೆಲವು ದಿನಗಳಲ್ಲಿ ಮೂರು ಮರಿಗಳು ಹೊರಬಂದು, ಪುಕ್ಕ ಒಣಗಿದ್ದೇ ತಡ, ತಾಯಿಯ ಹಿಂದೆ ಹುಲ್ಲಿನೊಳಗೆ ಓಡಿದವು. ನಾಲ್ಕನೆಯದು ಒಡೆಯಲಿಲ್ಲ. ಲಲಿತಕ್ಕ ಅದನ್ನೊಮ್ಮೆ ಬಗ್ಗಿ ನೋಡಿ, ಆಮೇಲೆ ಎಲ್ಲರಿಗೂ ಬಿಸಿ ಗೋಳಿಬಜೆ ತರಿಸಿದರು. ಆ ಚಿಕ್ಕ ಎಂಟರಲ್ಲಿ ಪಳಗಿದ್ದ ನನಗೆ, ಲೈಸೆನ್ಸ್ ಪರೀಕ್ಷೆಯ ಎಂಟು ಹೆದ್ದಾರಿಯಷ್ಟು ಅಗಲ ಕಂಡಿತು.

ಕಳೆದ ವರ್ಷ ಅವರು ತೀರಿಕೊಂಡರು. ಅದಕ್ಕೆ ಕೆಲವು ವಾರ ಮೊದಲು, ಕಾರ್ಕಳದ ತಂಗಿಯ ಮನೆಗೆ ಅವರನ್ನು ನಾನೇ ಕರೆದೊಯ್ದಿದ್ದೆ. ಶಿಷ್ಯೆಯರ ಕಾರಿನಲ್ಲಿ ಕಣ್ಣು ಮುಚ್ಚುವ ಧೈರ್ಯ ತಮಗಿಲ್ಲ ಎಂದು ಹತ್ತುವಾಗಲೇ ತಮಾಷೆ ಮಾಡಿದ್ದರು. ಮಣಿಪಾಲ ದಾಟಿ ಒಂದು ಕಡಿದಾದ ತಿರುವು ಮುಗಿಸಿ, ಹೇಗಿತ್ತು ಎಂದು ಕೇಳಿದೆ. ಲಲಿತಕ್ಕ ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು, ಗಾಢ ನಿದ್ದೆಯಲ್ಲಿದ್ದರು.